ಶಬ್ದವೇಧಿಯೂ ತಾಪಾನುಸಾರಿಯೂ

ಹೋದ ಭಾದ್ರಪದ ಮಾಸದಲ್ಲಿ ನಮ್ಮ ಯಶವಂತಪುರದ ಒಂದು ಗಣೇಶೋತ್ಸವದ ಮಂಟಪದಲ್ಲಿ ಉಪನ್ಯಾಸವೊಂದು ನಡೆಯಿತು. ಉಪನ್ಯಾಸಕರು ಯಾರೆಂಬುದು ಇಲ್ಲಿ ಅಪ್ರಸ್ತುತ. ಅವರು ವಾಗ್ಮಿಗಳು, ಸಭೆಯನ್ನು ನಗಿಸಲೂ ಅಳಿಸಲೂ ಬಲ್ಲವರು ಎಂದರೆ ಸಾಕು. ಯುದ್ಧವಿಮಾನಗಳು ಒಂದನ್ನೊಂದು ಹೊಡೆದುರುಳಿಸಲು ಬಳಸುವ, ಶತ್ರುವಿಮಾನದ ಬಿಸಿಯನ್ನೇ ಗುರುತು ಹಿಡಿದು ಬೆನ್ನಟ್ಟುವ ಕ್ಷಿಪಣಿಯ ಪ್ರಸ್ತಾಪವನ್ನು ತಂದು ಅವರು, "ಇದರಲ್ಲಿ ಹೊಸದೇನಿದೆ? ದಶರಥ ಮಹಾರಾಜನ ಶಬ್ದವೇಧಿ ಇದೇ ಅಲ್ಲವೆ? ನಾರಾಯಣಾಸ್ತ್ರವೂ ಇದೇ ಅಲ್ಲವೆ? ನಮ್ಮ ಋಷಿಗಳಿಂದ ಕದ್ದುದನ್ನು ಪಾಶ್ಚಾತ್ಯರು ಇಂದು ನಮಗೇ ಮಾರುತ್ತಿದ್ದಾರೆ" ಎಂದು ಘೋಷಿಸಿದರು. ಕರತಾಡನವು ಬಹಳ ಹೊತ್ತು ನಡೆಯಿತು. ಅದು ಅಡಗಿದ ಮೇಲೆ, ಮುಂದಿನ ಸಾಲಿನಲ್ಲಿ ಜಮಖಾನದ ಮೇಲೆ ಕುಳಿತಿದ್ದ, ಎಂಟನೆಯ ತರಗತಿಯಲ್ಲಿ ಓದುವ ಹುಡುಗನೊಬ್ಬನು ಎದ್ದುನಿಂತು, "ಸಾರ್, ನಮ್ಮ ಪುಸ್ತಕದಲ್ಲೇ ಇದ್ದರೆ ನಾವೇ ನೋಡಿಕೊಂಡು ಮಾಡಬಹುದಲ್ಲವೆ? ರಷ್ಯದಿಂದ ಏಕೆ ಕೊಳ್ಳಬೇಕು?" ಎಂದು ಕೇಳಿದನು. ಸಭೆ ನಕ್ಕಿತು. ಉಪನ್ಯಾಸಕರೂ ನಕ್ಕರು. ಹಿರಿಯರೊಬ್ಬರು ಹುಡುಗನ ತೋಳು ಹಿಡಿದು ಕುಳ್ಳಿರಿಸಿ, ಪ್ರಸಾದ ತೆಗೆದುಕೊಂಡು ಮನೆಗೆ ಹೋಗೆಂದು ಹೇಳಿದರು.

ಆ ಸಂಜೆ ಅಲ್ಲಿ ನುಡಿದ ಮಾತುಗಳಲ್ಲಿ ವಿಚಾರಯುಕ್ತವಾದುದು ಅದೊಂದೇ. ಉತ್ತರವಿಲ್ಲದೆ ಉಳಿದುದೂ ಅದೊಂದೇ. ಸಭೆಯಲ್ಲಿ ನಾನೂ ಇದ್ದೆನು, ಬಾಯಿ ತೆರೆಯಲಿಲ್ಲ. ಏಕೆ ತೆರೆಯಲಿಲ್ಲವೆಂಬುದನ್ನು ಮೊದಲು ಒಪ್ಪಿಕೊಂಡರೇ ಇನ್ನೊಬ್ಬರನ್ನು ಖಂಡಿಸುವ ಅಧಿಕಾರ ನನಗೆ ಬಂದೀತು.

ಪಾಠಶಾಲೆಯಲ್ಲಿ ಕಾವ್ಯವನ್ನೂ ಒಂದಿಷ್ಟು ತರ್ಕವನ್ನೂ ಓದಿ, ಬಳಿಕ ಮೂರು ದಶಕಗಳಿಗೂ ಮೀರಿ ಹುಡುಗರಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದ ನಾನು, ಆ ಉಪನ್ಯಾಸಕರು ಹೇಳಿದ ಮಾತನ್ನೇ ತರಗತಿಯಲ್ಲಿ ವರ್ಷವರ್ಷವೂ ಹೇಳಿದವನು. ಮಕ್ಕಳ ಕಣ್ಣು ಅರಳುವುದನ್ನು ಕಂಡು ಹಿಗ್ಗಿದವನು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಶಿಷ್ಯನೊಬ್ಬನು, ಈಗ ಇಂಜಿನಿಯರ್ ಆಗಿರುವವನು, ನನ್ನನ್ನು ನೋಡಲು ಬಂದು ಕಾಫಿ ಕುಡಿಯುತ್ತ, ತನ್ನ ಕಾಲೇಜಿನ ಮೊದಲನೆಯ ವರ್ಷದ ಸಂಗತಿಯೊಂದನ್ನು ಹೇಳಿದನು. ಗೋಷ್ಠಿಯೊಂದರಲ್ಲಿ ಅವನು ಎದ್ದು, ಬಿಸಿಯನ್ನು ಹಿಂಬಾಲಿಸುವ ಕ್ಷಿಪಣಿಯು ರಾಮಾಯಣದಲ್ಲಿದೆ ಎಂದನಂತೆ. "ಎಷ್ಟನೆಯ ಸರ್ಗ, ಬಿಸಿಯ ಮಾತು ಎಲ್ಲಿದೆ ಎಂದು ಪ್ರೊಫೆಸರು ಕೇಳಿದರು ಮೇಷ್ಟ್ರೇ. ನನಗೆ ನಿಮ್ಮ ಹೆಸರು ಹೇಳಲು ಮನಸ್ಸು ಬರಲಿಲ್ಲ" ಎಂದನು. ಕೋಪದಿಂದ ಹೇಳಲಿಲ್ಲ, ಪ್ರೀತಿಯಿಂದ ಹೇಳಿದನು. ಆ ಪ್ರೀತಿಯೇ ನನಗೆ ಹೆಚ್ಚು ನೋವನ್ನುಂಟುಮಾಡಿತು.

ಅಂದಿನಿಂದ ಈ ವಿಷಯವನ್ನು ಆ ಶಿಷ್ಯನನ್ನೂ ಅವನ ಪುಸ್ತಕಗಳನ್ನೂ ಆಶ್ರಯಿಸಿ ಕಲಿಯುತ್ತ ಬಂದಿದ್ದೇನೆ. ವಿಜ್ಞಾನದಲ್ಲಿ ನಾನು ಇಂದಿಗೂ ಬಾಲಬೋಧೆಯ ವಿದ್ಯಾರ್ಥಿಯೇ. ಆದರೂ ತಿಳಿದಷ್ಟನ್ನು ವಾಚಕರ ಮುಂದಿಡುವೆನು; ಏಕೆಂದರೆ ಒಂದು ವಸ್ತುವು ನಮ್ಮ ಗ್ರಂಥಗಳಲ್ಲಿದೆಯೋ ಇಲ್ಲವೋ ಎಂದು ವಾದಿಸುವುದಕ್ಕೆ ಮೊದಲು ಆ ವಸ್ತು ಏನೆಂದು ತಿಳಿಯತಕ್ಕದ್ದು ನ್ಯಾಯ. ಲಕ್ಷಣವಿಲ್ಲದೆ ಪರೀಕ್ಷೆಯಿಲ್ಲ.

ಮೊದಲು ಹೆಸರು. ಪತ್ರಿಕೆಗಳಲ್ಲಿ ಇದನ್ನು 'ಶಾಖಾನುಸಾರಿ' ಎಂದು ಯಾರಾದರೂ ಕರೆದಾರೆಂಬ ಭಯ ನನಗಿದೆ. ಕನ್ನಡದಲ್ಲಿ ಶಾಖವೆಂದರೆ ಬಿಸಿ. ಸಂಸ್ಕೃತದಲ್ಲಿ ಶಾಖೆಯೆಂದರೆ ಕೊಂಬೆ. ಆ ಸಮಾಸವನ್ನು ಕೇಳಿದ ಸಂಸ್ಕೃತಜ್ಞನಿಗೆ ಕೊಂಬೆಯಿಂದ ಕೊಂಬೆಗೆ ಹಾರುವ ಕಪಿಯೇ ಕಣ್ಣಮುಂದೆ ಬಂದೀತು. ಆದಕಾರಣ ತಾಪಾನುಸಾರಿ ಎನ್ನುವೆನು. ಅಸ್ತ್ರವೆಂಬ ಶಬ್ದವೂ ಕ್ಷಿಪಣಿಯೆಂಬ ಶಬ್ದವೂ ಎಸೆಯುವುದೆಂಬ ಅರ್ಥದ ಧಾತುಗಳಿಂದಲೇ ಹುಟ್ಟಿದವು. ಎಸೆದುದು ಆಮೇಲೆ ತಾನೇ ನೋಡಿಕೊಂಡು ಹೋಗುವುದೆಂಬ ಅರ್ಥ ಎರಡರಲ್ಲಿಯೂ ಇಲ್ಲ. ಹಾಗೆ ನೋಡಿಕೊಂಡು ಹೋಗುವುದರಲ್ಲಿಯೇ ಈ ಆಯುಧದ ಸರ್ವಸ್ವವೂ ಅಡಗಿದೆ.

ಅದರ ಶರೀರದಲ್ಲಿ ವಿಶೇಷವೇನೂ ಇಲ್ಲ. ರಷ್ಯದ ಆರ್-೭೩ ಎಂಬುದು ಸುಮಾರು ಮೂರು ಮೀಟರು ಉದ್ದ, ೧೦೫ ಕಿಲೋಗ್ರಾಂ ತೂಕ. ಎಂದರೆ ನಮ್ಮ ಯಶವಂತಪುರದ ಮಂಡಿಯಲ್ಲಿ ಎರಡು ಈರುಳ್ಳಿ ಮೂಟೆಗಳ ತೂಕ. ಅದರ ವ್ಯಾಪ್ತಿಯೂ ಇಪ್ಪತ್ತು ಮೂವತ್ತು ಕಿಲೋಮೀಟರುಗಳನ್ನು ಮೀರುವುದಿಲ್ಲ. ಅದರ ಮೂತಿಯಲ್ಲಿ ಕಣ್ಣೊಂದಿದೆ. ಆ ಕಣ್ಣು ನೋಡುವುದು ನಮ್ಮ ಕಣ್ಣಿಗೆ ಕಾಣುವ ಬೆಳಕನ್ನಲ್ಲ. ೧೮೦೦ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷೆಲ್ಲನು ಸೂರ್ಯನ ಬೆಳಕನ್ನು ಪಟ್ಟಕದಿಂದ ಏಳು ಬಣ್ಣಗಳಾಗಿ ಬಿಡಿಸಿ, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿ, ಕೆಂಪಿನಿಂದಾಚೆ ಏನೂ ಕಾಣದ ಎಡೆಯಲ್ಲಿ ಇಟ್ಟ ಮಾಪಕವು ಎಲ್ಲಕ್ಕಿಂತ ಹೆಚ್ಚಾಗಿ ಏರಿದುದನ್ನು ಕಂಡನು. ಅಲ್ಲಿ ಕಾಣದ ಕಿರಣಗಳಿವೆಯೆಂದು ತಿಳಿದುದು ಹೀಗೆ. ನಮ್ಮ ಪಠ್ಯಪುಸ್ತಕಗಳು ಇವನ್ನು ಅವಕೆಂಪು ಕಿರಣಗಳೆನ್ನುತ್ತವೆ. ಸಂಸ್ಕೃತದ ಉಪಸರ್ಗವನ್ನು ಅಚ್ಚಗನ್ನಡದ ಕೆಂಪಿಗೆ ಕಟ್ಟಿದ ಅರಿಸಮಾಸವಿದು. ವ್ಯಾಕರಣವನ್ನು ಕಲಿತ ನನ್ನ ಹೊಟ್ಟೆ ಉರಿಯುವುದಾದರೂ, ಮಕ್ಕಳ ಬಾಯಲ್ಲಿ ರೂಢಿಗೆ ಬಂದುದನ್ನು ತಿದ್ದಲು ಹೋಗೆನು.

ಬಿಸಿಯಾದ ಯಾವ ವಸ್ತುವೂ ಈ ಕಿರಣಗಳನ್ನು ಸೂಸುವುದು. ಬಿಸಿ ಹೆಚ್ಚಿದಂತೆಲ್ಲ ಅಲೆಯ ಉದ್ದವು ಕಿರಿದಾಗುವುದು. ನಮ್ಮ ಮೈಯ ಕಿರಣಗಳು ಹೆಚ್ಚಾಗಿ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಅಲೆಯುದ್ದದವು. ಜೆಟ್ ವಿಮಾನದ ಕೆಂಪಗೆ ಕಾದ ಹಿಂಬದಿಯ ಕೊಳವೆಯವು ಅದರ ಮೂರನೆಯ ಒಂದು ಪಾಲಿನಷ್ಟು. ಮೊದಲಿನ ಕ್ಷಿಪಣಿಗಳ ಕಣ್ಣು ಸೀಸದ ಸಲ್ಫೈಡಿನ ಚೂರೊಂದಾಗಿತ್ತು. ಅದು ಕಾದ ಕೊಳವೆಯನ್ನು ಮಾತ್ರ, ಅದೂ ಹಿಂದಿನಿಂದ ಮಾತ್ರ, ಕಾಣುತ್ತಿತ್ತು. ಎದುರಿಗೆ ಬರುವ ವಿಮಾನಕ್ಕೆ ಅದು ಕುರುಡು. ಸೂರ್ಯನು ಎದುರಾದರೆ ಗುರಿಯನ್ನು ಬಿಟ್ಟು ಸೂರ್ಯನ ಕಡೆಗೇ ಹೊರಡುವುದು. ಆಮೇಲೆ ಬಂದ ಇಂಡಿಯಂ ಆಂಟಿಮೊನೈಡ್ ಎಂಬ ಸ್ಫಟಿಕವು ತಂಪಾದ ವಸ್ತುಗಳ ಕಿರಣವನ್ನೂ ಗ್ರಹಿಸಬಲ್ಲದು. ಎಂಜಿನಿನಿಂದ ಹೊರಟ ಬಿಸಿ ಅನಿಲವನ್ನೂ, ಗಾಳಿಯ ಉಜ್ಜುವಿಕೆಯಿಂದ ಕಾದ ವಿಮಾನದ ಮೈಯನ್ನೂ ಎದುರಿನಿಂದಲೇ ಕಾಣಬಲ್ಲದು. ಆದರೆ ಕಣ್ಣು ತಾನೇ ಬಿಸಿಯಾಗಿದ್ದರೆ ಪರರ ಬಿಸಿಯನ್ನು ಹೇಗೆ ಕಂಡೀತು? ಆದ್ದರಿಂದ ಒತ್ತಿ ತುಂಬಿದ ನೈಟ್ರೊಜನ್ ಅಥವಾ ಆರ್ಗಾನ್ ಅನಿಲವನ್ನು ಸಣ್ಣ ರಂಧ್ರದಿಂದ ಹೊರಬಿಟ್ಟು, ಆ ಸ್ಫಟಿಕವನ್ನು ಸೊನ್ನೆಗಿಂತ ಸುಮಾರು ೧೯೬ ಡಿಗ್ರಿ ಕೆಳಕ್ಕೆ ತಣಿಸುವರು. ಸಾಧಾರಣ ಗಾಜು ಈ ಕಿರಣಗಳನ್ನು ತಡೆಯುವುದರಿಂದ ಮೂತಿಯ ಗುಮ್ಮಟವನ್ನು ಮೆಗ್ನೀಸಿಯಂ ಫ್ಲೋರೈಡಿನಿಂದಲೋ ನೀಲಮಣಿಯ ಜಾತಿಯ ಸ್ಫಟಿಕದಿಂದಲೋ ಮಾಡಬೇಕು. ಇಂದಿನ ಕಣ್ಣುಗಳಲ್ಲಿ ಒಂದಲ್ಲ, ಸಾವಿರಾರು ಬಿಂದುಗಳು ಸಾಲುಸಾಲಾಗಿ ಕೂಡಿ ಚಿತ್ರವನ್ನೇ ಕಾಣುವುವು. ನಮ್ಮ ಮಲೆನಾಡಿನ ಗುಳಿಮಂಡಲದ ಹಾವಿಗೂ ಕಣ್ಣಿಗೂ ಮೂಗಿಗೂ ನಡುವೆ ಬಿಸಿಯನ್ನರಿಯುವ ಗುಳಿಯಿದೆ. ಅಮೆರಿಕದವರು ತಮ್ಮ ಕ್ಷಿಪಣಿಗೆ ಅಂತಹ ಹಾವಿನ ಹೆಸರನ್ನೇ ಇಟ್ಟು ಸೈಡ್‌ವೈಂಡರ್ ಎಂದರು. ಋಷಿಗಳಿಂದ ಕದ್ದವರು ಹಾವಿಗೆ ಋಣವನ್ನು ಒಪ್ಪಿಕೊಂಡುದು ವಿಚಿತ್ರವಲ್ಲವೆ!

ಆ ಸೈಡ್‌ವೈಂಡರನ್ನು ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ, ಚೈನಾ ಲೇಕ್ ಎಂಬ ನೌಕಾಪಡೆಯ ಪ್ರಯೋಗಸ್ಥಳದಲ್ಲಿ, ವಿಲಿಯಂ ಮೆಕ್‌ಲೀನ್ ಎಂಬ ಭೌತವಿಜ್ಞಾನಿಯೂ ಅವನ ಸಂಗಡಿಗರೂ ಸೇರಿ ರೂಪಿಸಿದರು. ಎಷ್ಟೋ ಸಲ ತಪ್ಪಿದ ಮೇಲೆ ೧೯೫೩ರ ಸೆಪ್ಟೆಂಬರಿನಲ್ಲಿ ಗುರಿ ಮುಟ್ಟಿತು. ೧೯೫೮ರಲ್ಲಿ ತೈವಾನಿನ ಕಡಲಿನ ಮೇಲೆ ಮೊದಲ ಸಲ ಯುದ್ಧದಲ್ಲಿ ಪ್ರಯೋಗವಾಯಿತು. ಅಲ್ಲಿ ಒಂದು ಕ್ಷಿಪಣಿಯು ಸಿಡಿಯದೆ ಚೀನದ ವಿಮಾನದ ಒಡಲಲ್ಲಿಯೇ ಸಿಕ್ಕಿಕೊಂಡು ಇಳಿಯಿತೆಂದೂ, ಅದು ಸೋವಿಯತ್ ದೇಶಕ್ಕೆ ಹೋಗಿ ಬಿಚ್ಚಲ್ಪಟ್ಟು ಕೆ-೧೩ ಎಂಬುದಾಗಿ ಮರುಹುಟ್ಟು ಪಡೆಯಿತೆಂದೂ ಚರಿತ್ರಕಾರರು ಬರೆದಿರುತ್ತಾರೆ. ಆ ಕೆ-೧೩ ಬಳಿಕ ನಮ್ಮ ಮಿಗ್-೨೧ ವಿಮಾನಗಳಿಗೆ ಬಂದಿತು. ಕಳವೆಂಬುದೊಂದು ನಡೆದಿದ್ದರೆ ಅದು ಹೀಗೆ ನಡೆಯಿತು. ಕದ್ದವರು ಶ್ಲೋಕವನ್ನು ಕದಿಯಲಿಲ್ಲ. ಸಿಡಿಯದ ಕೊಳವೆಯನ್ನು ಕದ್ದು, ಬಿಚ್ಚಿ, ಅಳೆದು, ಅರ್ಥಮಾಡಿಕೊಂಡು, ತಾವೇ ಎರಕ ಹೊಯ್ದರು. ಕಳ್ಳತನಕ್ಕೂ ವಿದ್ಯೆ ಬೇಕು.

ಈಗ ನಮ್ಮ ಊರಿನ ಮಾತಿಗೆ ಬರುವೆನು. ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು. ಅಲ್ಲಿಯೇ ಆಮೇಲೆ ನ್ಯಾಟ್ ವಿಮಾನಗಳು ತಯಾರಾದವು. ೧೯೬೫ರ ಯುದ್ಧದಲ್ಲಿ ಸೈಡ್‌ವೈಂಡರನ್ನು ಹೊತ್ತ ಪಾಕಿಸ್ತಾನದ ಸೇಬರುಗಳನ್ನು ನಮ್ಮ ನ್ಯಾಟುಗಳು ಬರಿಯ ಫಿರಂಗಿಗಳಿಂದ ಎದುರಿಸಿದವು. ೨೦೦೧ರ ಜನವರಿ ೪ರಂದು ಈ ಊರಿನ ಆಕಾಶದಲ್ಲಿಯೇ ತೇಜಸ್ ಮೊದಲ ಸಲ ಹಾರಿತು. ೨೦೨೧ರ ಫೆಬ್ರವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಅಂತಹ ೮೩ ವಿಮಾನಗಳಿಗಾಗಿ ಸುಮಾರು ೪೮,೦೦೦ ಕೋಟಿ ರೂಪಾಯಿಗಳ ಒಪ್ಪಂದವಾಯಿತು. ಇದೆಲ್ಲ ಹೆಮ್ಮೆಪಡತಕ್ಕದ್ದೇ, ಪ್ರದರ್ಶನದ ದಿನಗಳಲ್ಲಿ ಮಹಡಿಯನ್ನು ಹತ್ತಿ ಉತ್ತರದ ಕಡೆಗೆ ನೋಡುವವರಲ್ಲಿ ನಾನೂ ಒಬ್ಬನು. ಆದರೆ ಆ ತೇಜಸ್ಸಿನ ರೆಕ್ಕೆಯ ಕೆಳಗಿನ ತಾಪಾನುಸಾರಿಯ ಸಂಗತಿಯೇನು? ೨೦೦೭ರಲ್ಲಿ ಗೋವೆಯ ಕಡಲಿನ ಮೇಲೆ ಅದು ಮೊದಲು ಹಾರಿಸಿದ ಕ್ಷಿಪಣಿ ರಷ್ಯದ ಆರ್-೭೩. ೨೦೨೧ರ ಏಪ್ರಿಲಿನಲ್ಲಿ ಅದೇ ಗೋವೆಯಲ್ಲಿ ಪರೀಕ್ಷಿಸಿದುದು ಇಸ್ರೇಲಿನ ಪೈಥಾನ್-೫. ಬೆಂಗಳೂರಿನಲ್ಲಿಯೇ ಕಟ್ಟಿದ ಜಾಗ್ವಾರ್ ವಿಮಾನಗಳಿಗಾಗಿ ೨೦೧೪ರಲ್ಲಿ ಗೊತ್ತುಮಾಡಿದುದು ಯುರೋಪಿನ ಅಸ್ರಾಮ್. ೨೦೨೩ರ ಆಗಸ್ಟಿನಲ್ಲಿ ತೇಜಸ್ಸಿನಿಂದ ಹಾರಿದ ನಮ್ಮ ಸ್ವಂತ 'ಅಸ್ತ್ರ'ವು ದೂರದ ಗುರಿಯನ್ನು ರೇಡಾರಿನಿಂದ ಹುಡುಕುವುದೇ ಹೊರತು ಬಿಸಿಯಿಂದಲ್ಲ.

ಹಾಗೆಂದು ನಮ್ಮವರು ಕೈಕಟ್ಟಿ ಕುಳಿತಿರುವರೆಂದು ಹೇಳಿದರೆ ದೊಡ್ಡ ಅನ್ಯಾಯವಾದೀತು. ೧೯೮೩ರಲ್ಲಿ ಅಬ್ದುಲ್ ಕಲಾಮರ ಮುಂದಾಳುತನದಲ್ಲಿ ಆರಂಭವಾದ ಕ್ಷಿಪಣಿ ಯೋಜನೆಯ ನಾಗ್ ಎಂಬುದು ಟ್ಯಾಂಕಿನ ಬಿಸಿಯ ಚಿತ್ರವನ್ನು ಕಂಡು ಹೊಡೆಯಬಲ್ಲದು. ಸೈನಿಕನು ಹೊತ್ತೊಯ್ಯಬಹುದಾದ, ನೆಲದಿಂದ ವಿಮಾನವನ್ನು ಹೊಡೆಯುವ ತಾಪಾನುಸಾರಿಯನ್ನು ಹೈದರಾಬಾದಿನವರು ರೂಪಿಸಿದ್ದು, ೨೦೨೨ರಿಂದ ಒರಿಸ್ಸಾದ ಚಾಂದೀಪುರದಲ್ಲಿ ಅದರ ಪರೀಕ್ಷೆಗಳು ನಡೆದಿವೆ. ಕಾಣದ ಕಿರಣವನ್ನು ಕಾಣುವ ಸ್ಫಟಿಕಗಳ ಕೆಲಸ ದೆಹಲಿಯ ಪ್ರಯೋಗಾಲಯದಲ್ಲಿ ದಶಕಗಳಿಂದ ನಡೆದುಬಂದಿದೆ. ಹೀಗೆ ಕುಲುಮೆಯ ಮುಂದೆ ಕುಳಿತು, ಸ್ಫಟಿಕವು ಹತ್ತು ಸಲ ಬಿರಿದರೂ ಹನ್ನೊಂದನೆಯ ಸಲ ಬೆಳೆಸಿದವರ ಹೆಸರನ್ನು ಯಾವ ಮಂಟಪದಲ್ಲಿಯೂ ಯಾರೂ ಹೇಳುವುದಿಲ್ಲ. ಋಷಿಗಳೇ ಎಲ್ಲವನ್ನೂ ಮಾಡಿಟ್ಟಿದ್ದರೆಂಬ ಮಾತಿನಿಂದ ಮೊದಲು ಅಪಮಾನಿತರಾಗುವವರು ಇವರು. ಹುಡುಗನ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ: ಮಗೂ, ಪುಸ್ತಕದಲ್ಲಿ ಅದು ಇಲ್ಲ, ಇರುವುದನ್ನು ಮಾಡಲು ನಾವು ತಡವಾಗಿ ಹೊರಟೆವು.

ಇನ್ನು ಪೂರ್ವಪಕ್ಷದ ಗ್ರಂಥಗಳನ್ನು ತೆರೆಯೋಣ. ಶಬ್ದವೇಧಿಯ ಕಥೆ ಅಯೋಧ್ಯಾಕಾಂಡದಲ್ಲಿದೆ. ಮಗನು ಕಾಡಿಗೆ ಹೋದ ಮೇಲೆ ಸಾಯುವ ಹೊತ್ತಿನಲ್ಲಿ ದಶರಥನು ಕೌಸಲ್ಯೆಗೆ ಅದನ್ನು ಹೇಳುತ್ತಾನೆ. ಯೌವನದಲ್ಲಿ, ಮಳೆಗಾಲದ ಇರುಳಿನಲ್ಲಿ, ಸರಯೂತೀರದಲ್ಲಿ ಬೇಟೆಗೆ ಹೋದವನು ನೀರಿನಲ್ಲಿ ಗುಳಗುಳವೆಂಬ ಸದ್ದನ್ನು ಕೇಳಿ, ಆನೆಯೆಂದು ಬಗೆದು, ಕಾಣದ ಕತ್ತಲೆಗೆ ಬಾಣವನ್ನು ಬಿಟ್ಟನು. ಕುರುಡರಾದ ತಂದೆತಾಯಿಗಳಿಗೆ ನೀರು ತುಂಬುತ್ತಿದ್ದ ತಾಪಸಕುಮಾರನು ಬಿದ್ದನು. (ಶ್ರವಣಕುಮಾರನೆಂಬ ಹೆಸರು ವಾಲ್ಮೀಕಿಯಲ್ಲಿಲ್ಲ, ಅದು ಆಮೇಲಿನ ಜನಪ್ರಿಯ ಕಥೆಯದು.) ಇಲ್ಲಿ ಸದ್ದನ್ನು ಅನುಸರಿಸಿದುದು ಬಾಣವಲ್ಲ, ದಶರಥನ ಕಿವಿ. ಬಿಟ್ಟ ಬಾಣವು ನೇರವಾಗಿ ಹೋಯಿತು, ನಡುದಾರಿಯಲ್ಲಿ ತಿರುಗಲಿಲ್ಲ. ಏಕಲವ್ಯನು ಬೊಗಳುವ ನಾಯಿಯ ಬಾಯನ್ನು ಏಳು ಬಾಣಗಳಿಂದ ತುಂಬಿದುದೂ ಇದೇ ವಿದ್ಯೆ: ಬಿಲ್ಲಾಳಿನ ಅಭ್ಯಾಸವೇ ಹೊರತು ಬಾಣದ ಬುದ್ಧಿಯಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವಾಲ್ಮೀಕಿಯು ಈ ವಿದ್ಯೆಯನ್ನು ಹೊಗಳಲು ಕಥೆಯನ್ನು ತರಲಿಲ್ಲ. ಒಂದೇ ಗುರುತನ್ನು ನಂಬಿ, ಹೊಡೆಯುವ ವಸ್ತುವನ್ನು ಕಾಣದೆ ಹೊಡೆದವನಿಗೆ ಏನಾಯಿತೆಂಬುದನ್ನು ಹೇಳಲು ತಂದನು. ರಾಮಾಯಣದ ಅರ್ಧ ದುಃಖವು ಆ ಒಂದು ಬಾಣದಿಂದ ಹೊರಟಿತು. ಅದನ್ನು ಹಿಡಿದು ಎದೆ ತಟ್ಟಿಕೊಳ್ಳುವವರು ಆ ಸರ್ಗವನ್ನು ಓದಿದ್ದಾರೆಯೇ ಎಂದು ನನಗೆ ಸಂದೇಹ. ನಾನೂ ಓದಿಯೇ ಹೇಳುತ್ತಿದ್ದೆನಲ್ಲ! ಓದಿದುದು ಪರೀಕ್ಷೆಗೆ.

ನಾರಾಯಣಾಸ್ತ್ರವೋ, ದ್ರೋಣಪರ್ವದಲ್ಲಿ ಅಶ್ವತ್ಥಾಮನು ತಂದೆಯ ವಧೆಯಿಂದ ಕೆರಳಿ ಬಿಟ್ಟುದು. ಕೃಷ್ಣನು ಪಾಂಡವರ ಸೇನೆಗೆ ಏನು ಹೇಳಿದನು? ಆಯುಧಗಳನ್ನು ಕೆಳಗಿಟ್ಟು ರಥದಿಂದ ಇಳಿಯಿರಿ ಎಂದನು. ಶಸ್ತ್ರವನ್ನು ತ್ಯಜಿಸಿದವನನ್ನು ಆ ಅಸ್ತ್ರವು ಮುಟ್ಟಲಿಲ್ಲ. ಎದುರು ನಿಂತ ಭೀಮನ ಮೇಲೆಯೇ ಹೆಚ್ಚಾಗಿ ಉರಿಯಿತು. ಎದುರಾಳಿಯ ಮನಸ್ಸನ್ನು ನೋಡುವ ಅಸ್ತ್ರವದು. ತಾಪಾನುಸಾರಿಗೆ ಶರಣಾದವನೂ ಒಂದೇ, ಕಾದಾಡುವವನೂ ಒಂದೇ. ಎಂಜಿನು ಬಿಸಿಯಾಗಿದ್ದರೆ ಸಾಕು. ಎರಡನ್ನೂ ಒಂದೆನ್ನುವವರು ಕ್ಷಿಪಣಿಯನ್ನು ತಿಳಿಯದಿರುವುದು ಕ್ಷಮ್ಯ; ಭಾರತವನ್ನು ತಿಳಿಯದಿರುವುದು ಕ್ಷಮ್ಯವಲ್ಲ.

ಮೂರನೆಯದಾಗಿ 'ವೈಮಾನಿಕಶಾಸ್ತ್ರ'ವನ್ನು ಮುಂದಿಡುವರು. ಇದು ನಮ್ಮ ನೆರೆಯ ಆನೇಕಲ್ಲಿನದೇ ಆದುದರಿಂದ ಎರಡು ಮಾತು ಹೆಚ್ಚು ಹೇಳಬೇಕು. ಅಲ್ಲಿನ ಪಂಡಿತ ಸುಬ್ಬರಾಯಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಭರದ್ವಾಜರಿಂದ ತಮಗೆ ಸ್ಫುರಿಸಿತೆಂದು ಹೇಳಿ, ಶ್ಲೋಕಗಳನ್ನು ನುಡಿದು ಬರೆಯಿಸಿದರು. ಯಂತ್ರಗಳ ಚಿತ್ರಗಳನ್ನು ಬೆಂಗಳೂರಿನ ಎಲ್ಲಪ್ಪನೆಂಬ ನಕಾಶೆಗಾರರು ಬರೆದರು. ೧೯೭೩ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಅವರು ಇಂಗ್ಲಿಷ್ ಅನುವಾದದೊಡನೆ ಅದನ್ನು ಪ್ರಕಟಿಸಿದರು. ಮರುವರ್ಷವೇ, ನಮ್ಮ ಯಶವಂತಪುರದಿಂದ ಕಾಲ್ನಡಿಗೆಯ ದೂರದಲ್ಲಿರುವ, ಬಸ್ಸಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟೆಂದೇ ಕೂಗುವ ಭಾರತೀಯ ವಿಜ್ಞಾನ ಮಂದಿರದ ಐವರು ವಿದ್ವಾಂಸರು, ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ ಮೊದಲಾದವರು, ಅದನ್ನು ಸಾಂಗವಾಗಿ ಪರೀಕ್ಷಿಸಿದರು. ನಗೆಯಾಡಿ ಬಿಡಲಿಲ್ಲ, ಭಾಷೆಯನ್ನು ನೋಡಿದರು, ಚಿತ್ರಗಳನ್ನು ನೋಡಿದರು, ಭಾರವನ್ನೂ ಆಕಾರವನ್ನೂ ಲೆಕ್ಕ ಹಾಕಿದರು. ಸಂಸ್ಕೃತವು ವೈದಿಕವಲ್ಲ, ಈಚಿನದು. ಚಿತ್ರಗಳ ವಿಮಾನಗಳಲ್ಲಿ ಒಂದೂ ಹಾರಲಾರದು ಎಂದು ನಿರ್ಣಯಿಸಿದರು. ಅರ್ಧ ಶತಮಾನ ಕಳೆದಿದೆ. ಆ ಲೇಖನವನ್ನು ಎಷ್ಟು ಉಪನ್ಯಾಸಕರು ಓದಿದ್ದಾರೆ? ೨೦೧೫ರಲ್ಲಿ ಮುಂಬಯಿಯಲ್ಲಿ, ೨೦೧೯ರ ಜನವರಿಯಲ್ಲಿ ಜಾಲಂಧರದಲ್ಲಿ ನೆರೆದ ವಿಜ್ಞಾನ ಕಾಂಗ್ರೆಸ್ಸುಗಳಲ್ಲಿಯೇ ಇಂತಹ ಮಾತುಗಳು ಎದ್ದವು. ಜಾಲಂಧರದಲ್ಲಿ ವಿಷ್ಣುಚಕ್ರವೇ ಗುರಿಯನ್ನರಸುವ ಕ್ಷಿಪಣಿಯೆಂದವರು ಒಬ್ಬ ಕುಲಪತಿಗಳು. ಎಂದಮೇಲೆ ನಮ್ಮ ಮಂಟಪದವರನ್ನೊಬ್ಬರನ್ನೇ ದೂರಿ ಫಲವೇನು?

ಇಲ್ಲಿ ನನಗೂ ಒಂದು ಪ್ರಲೋಭನೆ ಉಂಟೆಂದು ಮುಚ್ಚುಮರೆಯಿಲ್ಲದೆ ಹೇಳುವೆನು. ನಮ್ಮ ತಾರ್ಕಿಕರು ತೇಜಸ್ಸನ್ನು ಉಷ್ಣಸ್ಪರ್ಶವುಳ್ಳದ್ದೆಂದು ಲಕ್ಷಣ ಹೇಳುವರು. ಕೆಲವೆಡೆ ಅದರ ರೂಪವು ಅನುದ್ಭೂತವಾಗಿದ್ದು, ಎಂದರೆ ಕಣ್ಣಿಗೆ ತೋರದೆ, ಸ್ಪರ್ಶ ಮಾತ್ರ ತೋರುವುದೆಂದೂ ಹೇಳುವರು. ಕಾದ ನೀರಿನಲ್ಲಿರುವ ತೇಜಸ್ಸು ಹಾಗೆ. ಕಾಣದ, ಆದರೆ ಬಿಸಿಯಾದ ತೇಜಸ್ಸು! ಇದನ್ನು ಹಿಡಿದು, ನೋಡಿರಿ, ಅವಕೆಂಪು ಕಿರಣವು ಅನ್ನಂಭಟ್ಟನ ಪರಂಪರೆಗೆ ಗೊತ್ತಿತ್ತು, ವಿಮಾನಕ್ಕೂ ತೇಜಸ್ಸೆಂದೇ ಹೆಸರಿದೆ ಎಂದು ಮಂಟಪದಲ್ಲಿ ನಿಂತು ಹೇಳಿದರೆ ಆ ಉಪನ್ಯಾಸಕರಿಗಿಂತ ಇಮ್ಮಡಿ ಚಪ್ಪಾಳೆ ನನಗೆ ಬಿದ್ದೀತು. ಆದರೆ ಅದು ಸುಳ್ಳು. ತಾರ್ಕಿಕರು ಕಂಡ ಅನುಭವವನ್ನು ಸೂಕ್ಷ್ಮವಾಗಿ ವಿಂಗಡಿಸಿದರು. ಅದು ಅವರ ಹಿರಿಮೆ. ಹರ್ಷೆಲ್ಲನು ಮಾಪಕವನ್ನಿಟ್ಟು ಎಷ್ಟು ಏರಿತೆಂದು ಬರೆದುಕೊಂಡನು. ಅದು ಅವನ ಹಿರಿಮೆ. ಒಂದನ್ನು ಇನ್ನೊಂದೆಂದು ಹೇಳಿದರೆ ಎರಡೂ ಕೆಡುವುವು.

ಆದರೆ ಅದೇ ತರ್ಕಶಾಸ್ತ್ರದಿಂದ ಈ ಆಯುಧದ ಬಗೆಗೆ ನಿಜವಾಗಿ ಹೇಳಬಹುದಾದುದು ಒಂದಿದೆ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ತಾಪಾನುಸಾರಿಯು ಮಾಡುವುದು ಒಂದು ಅನುಮಾನವನ್ನು: ಇದು ಶತ್ರುವಿಮಾನ, ಏಕೆಂದರೆ ಇಲ್ಲಿ ಬಿಸಿಯಿದೆ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಬಾರದು, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ ಎಂಬುದು ತರ್ಕದ ಎಳೆಯ ವಿದ್ಯಾರ್ಥಿಗೂ ಗೊತ್ತು. ಹಾಗೆಯೇ ಬಿಸಿಯು ವಿಮಾನದಲ್ಲಿಯೂ ಇದೆ, ಸೂರ್ಯನಲ್ಲಿಯೂ ಇದೆ, ಬೆನ್ನಟ್ಟಿದ ಕ್ಷಿಪಣಿಯನ್ನು ವಂಚಿಸಲು ಪೈಲಟ್ಟನು ಉದುರಿಸುವ ಮೆಗ್ನೀಸಿಯಂ ಜ್ವಾಲೆಯಲ್ಲಿಯೂ ಇದೆ. ಇದು ಸವ್ಯಭಿಚಾರವೆಂಬ ಹೇತ್ವಾಭಾಸ. ಸೀಸದ ಸಲ್ಫೈಡಿನಿಂದ ಹಿಡಿದು ಇಂದಿನ ಚಿತ್ರ ಕಾಣುವ ಕಣ್ಣಿನವರೆಗೆ, ಏಳು ದಶಕಗಳ ಈ ವಿದ್ಯೆಯೆಲ್ಲವೂ ಒಂದು ಕೆಟ್ಟ ಹೇತುವನ್ನು ಸ್ವಲ್ಪಸ್ವಲ್ಪವಾಗಿ ತಿದ್ದಿಕೊಂಡು ಬಂದ ಕಥೆ: ಬಿಸಿ ಮಾತ್ರವಲ್ಲ, ಇಂಥ ಅಲೆಯುದ್ದದ ಬಿಸಿ, ಅದು ಮಾತ್ರವಲ್ಲ, ಇಂಥ ಆಕಾರದ ಬಿಸಿ. ಇದನ್ನು ಶಿಷ್ಯನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ಅಂದು ತರಗತಿಯಲ್ಲಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಮೇಷ್ಟ್ರೇ" ಎಂದನು.

ಎಷ್ಟು ತಿದ್ದಿದರೂ ಬಿಸಿಯನ್ನು ಕಾಣುವ ಕಣ್ಣಿಗೆ ಕಾಣದುದು ಒಂದು ಉಳಿಯುವುದು: ಅಲ್ಲಿರುವವನು ನಮ್ಮವನೋ ಪರನೋ ಎಂಬುದು. ಅದನ್ನು ಬೇರೆ ಸಂಕೇತಗಳಿಂದ, ಬೇರೆ ಯಂತ್ರಗಳಿಂದ, ಕೊನೆಗೆ ಗುಂಡಿಯನ್ನೊತ್ತುವವನ ವಿವೇಕದಿಂದ ತಿಳಿಯಬೇಕು. ೨೦೧೯ರ ಫೆಬ್ರವರಿ ೨೭ರ ಬೆಳಿಗ್ಗೆ, ಜಾಲಂಧರದ ಆ ಸಭೆ ಮುಗಿದು ಎರಡು ತಿಂಗಳು ತುಂಬುವ ಮೊದಲೇ, ಗಡಿಯಲ್ಲಿ ವಿಮಾನಗಳು ಕಾದಾಡುತ್ತಿದ್ದಾಗ, ಕಾಶ್ಮೀರದ ಬಡಗಾಮಿನಲ್ಲಿ ನಮ್ಮ ವಾಯುಸೇನೆಯದೇ ಹೆಲಿಕಾಪ್ಟರನ್ನು ನೆಲದಿಂದ ಹಾರಿದ ನಮ್ಮದೇ ಕ್ಷಿಪಣಿಯು ಹೊಡೆಯಿತು. ಸೇನೆಯ ಆರು ಮಂದಿಯೂ ಕೆಳಗಿದ್ದ ಒಬ್ಬ ಊರಿನವನೂ ಸತ್ತರು. ಅದೇ ವರ್ಷದ ಅಕ್ಟೋಬರಿನಲ್ಲಿ ವಾಯುಸೇನೆಯ ಮುಖ್ಯಸ್ಥರಾದ ಭದೌರಿಯಾ ಅವರು ಅದು ನಮ್ಮ ದೊಡ್ಡ ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡರು. ಆ ಕ್ಷಿಪಣಿ ಹಾರಿದುದು ನೆಲದಿಂದ, ವಿಮಾನದಿಂದಲ್ಲ. ಆದರೆ ಸರಯೂತೀರದ ಕತ್ತಲೆ ಅದೇ. ತಪ್ಪನ್ನು ಒಪ್ಪಿಕೊಂಡವರ ಮೇಲೆ ನನಗೆ ಗೌರವವಿದೆ; ದಶರಥನೂ ಒಪ್ಪಿಕೊಂಡನು. ಗೌರವವಿಲ್ಲದುದು, ಆ ಸರ್ಗವನ್ನು ಜಯಘೋಷಕ್ಕೆ ಉಪಯೋಗಿಸುವವರ ಮೇಲೆ.

ಇಷ್ಟಾದರೂ ಕೆಲವರು, ಮಕ್ಕಳಲ್ಲಿ ಸ್ವಾಭಿಮಾನವನ್ನು ಹುಟ್ಟಿಸಲು ಸ್ವಲ್ಪ ಅತಿಶಯೋಕ್ತಿಯಿದ್ದರೆ ದೋಷವೇನು ಎನ್ನುವರು. ಕಾವ್ಯದಲ್ಲಿ ಅತಿಶಯೋಕ್ತಿ ಅಲಂಕಾರ. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿದೆ. ಅಗ್ನಿ, ಪೃಥ್ವಿ, ತ್ರಿಶೂಲ, ನಾಗ ಎಂದು ಕ್ಷಿಪಣಿಗಳಿಗೆ ಹೆಸರಿಟ್ಟುದರಲ್ಲಿ ನನಗೆ ಸಂತೋಷವೇ ಇದೆ. ಮಗನಿಗೆ ಕುಬೇರನೆಂದು ಹೆಸರಿಡಬಹುದು; ಆ ಹೆಸರಿನ ಮೇಲೆ ಬ್ಯಾಂಕಿನಲ್ಲಿ ಸಾಲ ಕೇಳಬಾರದು. ಇದಕ್ಕೆ ಪ್ರತಿಯಾಗಿ, ಪುರಾಣವೆಲ್ಲ ಕಂತೆಯೆಂದು ಕೈತೊಳೆಯುವವರೂ ಇದ್ದಾರೆ. ಅವರೊಡನೆ ನನಗೆ ಹೆಚ್ಚು ಮಾತಿಲ್ಲ. ಓದದೆ ಹೊಗಳುವವರೂ ಓದದೆ ಬಿಸುಡುವವರೂ ಒಂದೇ ಜಗಲಿಯ ನೆಂಟರು.

ನಮ್ಮ ಸಂಘದವರಲ್ಲಿ ಒಂದು ವಿಜ್ಞಾಪನೆ. ಮುಂದಿನ ವರ್ಷದ ಉಪನ್ಯಾಸಮಾಲೆಯಲ್ಲಿ ಒಂದು ಸಂಜೆಯನ್ನು ಈ ವಿಷಯಕ್ಕೆ ಕೊಡಲಿ. ಟಾಟಾ ಇನ್‌ಸ್ಟಿಟ್ಯೂಟಿನಿಂದಲೋ ನಗರದ ವೈಮಾನಿಕ ಸಂಸ್ಥೆಗಳಿಂದಲೋ ಬಲ್ಲವರೊಬ್ಬರನ್ನು ಕರೆದು, ಗೋಪ್ಯವಲ್ಲದಷ್ಟನ್ನು ಕನ್ನಡದಲ್ಲಿ ಹೇಳಿಸಲಿ. ನಿವೃತ್ತರಾದ ಅಂತಹವರು ನಮ್ಮ ಬೀದಿಗಳಲ್ಲಿಯೇ ಇದ್ದಾರೆ. ಬೆಳಿಗ್ಗೆ ಹಾಲಿನ ಬೂತಿನ ಮುಂದೆ ನಿಲ್ಲುತ್ತಾರೆ, ಯಾರೂ ಅವರನ್ನು ಮಂಟಪಕ್ಕೆ ಕರೆಯುವುದಿಲ್ಲ. ಆ ಉಪನ್ಯಾಸಕರೂ ಬರಲಿ. ಬಿಸಿಯನ್ನು ಹಿಂಬಾಲಿಸಿದ ಬಾಣದ ಶ್ಲೋಕವನ್ನು ಕಾಂಡ, ಸರ್ಗ, ಸಂಖ್ಯೆಗಳೊಡನೆ ತರಲಿ. ನಾನು ಅದೇ ಸಭೆಯಲ್ಲಿ ಎದ್ದು ಈ ಲೇಖನವನ್ನು ಹಿಂತೆಗೆದುಕೊಳ್ಳುವೆನು. ಜೊತೆಗೆ ಪಟ್ಟಕವೊಂದನ್ನೂ ಮೂರು ಉಷ್ಣಮಾಪಕಗಳನ್ನೂ ನಾನು ತರುವೆನು. ಆ ಹುಡುಗನ ಮನೆಯನ್ನು ವಿಚಾರಿಸಿ ತಿಳಿದಿದ್ದೇನೆ. ಮುಂದಿನ ಸಾಲಿನಲ್ಲಿ ಅವನಿಗೊಂದು ಸ್ಥಳವನ್ನು ಕಾದಿರಿಸತಕ್ಕದ್ದು.